ಸೈಟನ್ನು ಅಳೆಯುವ ನಿಯಮಕ್ಕೆ ಬೀದಿ ಕಾಣುತ್ತಿಲ್ಲ

ಮಲ್ಲೇಶ್ವರದಲ್ಲೋ ಬಸವನಗುಡಿಯಲ್ಲೋ ಹಳೆಯ ಹೆಂಚಿನ ಮನೆಯೊಂದನ್ನು ಕೆಡವಿ, ಆ ಜಾಗದಲ್ಲಿ ಕೆಳಗೆ ಕಾರು, ಮೇಲೆ ಮೂರು ಮಹಡಿಯ ಕಟ್ಟಡ ಎದ್ದರೆ ಅಕ್ಕಪಕ್ಕದವರ ಬಾಯಲ್ಲಿ ಬರುವ ಮೊದಲ ಮಾತು ‘ಇದಕ್ಕೆ ಪರ್ಮಿಷನ್ ಹೇಗೆ ಕೊಟ್ಟರೋ’ ಎಂಬುದು. ದುಡ್ಡು ನಡೆದಿರಬೇಕು, ಪ್ರಭಾವ ಬಳಸಿರಬೇಕು ಎಂಬ ಗುಮಾನಿ ಆ ಮಾತಿನಲ್ಲಿ ಇರುತ್ತದೆ. ಕೆಲವು ಕಡೆ ಅದು ನಿಜವೂ ಇದ್ದೀತು. ಆದರೆ ಎಷ್ಟೋ ಕಡೆ ನಕ್ಷೆ ಮಂಜೂರಾತಿ ಸರಿಯಾಗಿಯೇ ಆಗಿರುತ್ತದೆ, ಬಿಟ್ಟ ಜಾಗ ಅಳತೆಗೆ ಸರಿಯಾಗಿರುತ್ತದೆ, ಮಹಡಿಗಳೂ ಲೆಕ್ಕದೊಳಗೇ ಇರುತ್ತವೆ. ನಿಯಮವನ್ನು ಚಾಚೂ ತಪ್ಪದೆ ಪಾಲಿಸಿಯೂ ಬೀದಿಯ ರೂಪ ಕೆಡಿಸಲು ಸಾಧ್ಯ. ಅದು ಹೇಗೆ ಸಾಧ್ಯ ಎನ್ನುವುದು ಅರ್ಥವಾಗದೆ ಹಳೆಯ ಬಡಾವಣೆಗಳ ಉಳಿವಿನ ಬಗ್ಗೆ ನಾವು ಎಷ್ಟು ಮರುಗಿದರೂ ಪ್ರಯೋಜನವಿಲ್ಲ.

ಕಟ್ಟಡದ ಗಾತ್ರ ಎಷ್ಟಿರಬೇಕು, ಸೈಟಿನೊಳಗೆ ಅದು ಎಲ್ಲಿ ನಿಲ್ಲಬೇಕು ಎಂಬುದನ್ನು ತೀರ್ಮಾನಿಸುವ ವಲಯ ನಿಯಮಗಳು ಜನಸಾಮಾನ್ಯರಿಗೆ ಕಬ್ಬಿಣದ ಕಡಲೆಯಂತೆ ಕಾಣುತ್ತವೆ. ನಿಜಕ್ಕೂ ಅವುಗಳ ಒಳಗಿರುವುದು ನಾಲ್ಕೇ ಅಳತೆ. ಕೂಡಿಸಿ ಗುಣಿಸಲು ಬರುವ ಯಾರಿಗಾದರೂ ಅವು ಅರ್ಥವಾಗುತ್ತವೆ.

ಪ್ಲೇಗಿನ ಕಾಲದ ಗಾಳಿ ಬೆಳಕು

ಮೊದಲು ಈ ಬಡಾವಣೆಗಳು ಯಾಕೆ ಹೀಗಿವೆ ಎಂಬುದನ್ನು ನೋಡೋಣ. 19ನೇ ಶತಮಾನದ ಕೊನೆಯ ದಶಕದಲ್ಲಿ ಬೆಂಗಳೂರು ಪೇಟೆ ಕಿಕ್ಕಿರಿದಿತ್ತು. ಪೇಟೆಯ ಹೊರಗೆ ಹೊಸ ಬಡಾವಣೆ ಮಾಡುವ ಯೋಚನೆ ಮೈಸೂರು ಸಂಸ್ಥಾನದ ಆಡಳಿತಕ್ಕೆ ಆಗಲೇ ಬಂದಿತ್ತು. 1898ರಲ್ಲಿ ಪ್ಲೇಗು ಬಂದೆರಗಿದ ಮೇಲೆ ಆ ಯೋಚನೆಗೆ ತುರ್ತು ಬಂತು. ಮಲ್ಲೇಶ್ವರ, ಬಸವನಗುಡಿಗಳು ರೂಪ ಪಡೆದದ್ದು ಈ ಹೊತ್ತಿನಲ್ಲಿ.

ಅವುಗಳ ವಿನ್ಯಾಸದ ಹಿಂದೆ ಇದ್ದದ್ದು ಆರೋಗ್ಯದ ಚಿಂತೆ. ಹಾಗಾಗಿ ನೇರವಾದ ಅಗಲ ರಸ್ತೆಗಳನ್ನು ಹಾಕಿದರು. ಸೈಟುಗಳ ಬೆನ್ನಿಗೆ ಕಕ್ಕಸು ಬಳಿಯುವವರು ಓಡಾಡಲೆಂದು ಕನ್ಸರ್ವೆನ್ಸಿ ಗಲ್ಲಿ ಬಿಟ್ಟರು. ಮನೆಯ ಸುತ್ತ ಗಾಳಿಯಾಡುವ ಜಾಗ ಇರಬೇಕೆಂದರು. ಮುಂದೆ ಕಾಂಪೌಂಡು, ಅದರ ಹಿಂದೆ ಹೂಗಿಡ, ಆಮೇಲೆ ಜಗುಲಿ, ಮಂಗಳೂರು ಹೆಂಚಿನ ಇಳಿಜಾರು ಮಾಡು, ಕೆಲವು ಮನೆಗಳ ಕಿಟಕಿ ಬಾಗಿಲುಗಳ ಮೇಲೆ ಮಂಕಿ ಟಾಪ್ ಎಂಬ ಮರದ ಸೂರು, ಹಿತ್ತಿಲಲ್ಲಿ ಬಾವಿ, ತೆಂಗು, ಮಾವು ಇರುತ್ತಿದ್ದವು. ಇದನ್ನು ಇವತ್ತು ನಾವು ಪರಂಪರೆ ಎನ್ನುತ್ತೇವೆ. ಕಟ್ಟಿದವರ ಪಾಲಿಗೆ ಅದು ರೋಗ ಹರಡದಂತೆ ಮಾಡಿಕೊಂಡ ಏರ್ಪಾಟು.

ಆ ಬಡಾವಣೆಗಳನ್ನು ಬರೀ ಚೆಂದದ ನೆನಪಾಗಿ ನೋಡಬೇಕಿಲ್ಲ. ಅಲ್ಲಿನ ನಿವೇಶನಗಳನ್ನು ಜಾತಿ ಸಮುದಾಯಗಳ ಲೆಕ್ಕದಲ್ಲಿ ವಿಂಗಡಿಸಿ ಹಂಚಲಾಗಿತ್ತು. ಹಿಂದಿನ ಗಲ್ಲಿಯಲ್ಲಿ ಮಲ ಹೊರುತ್ತಿದ್ದವರಿಗೆ ಮುಂದಿನ ರಸ್ತೆಯ ಗಾಳಿ ಬೆಳಕಿನಲ್ಲಿ ಪಾಲಿರಲಿಲ್ಲ. ಪರಂಪರೆ ಉಳಿಸುವ ಮಾತಾಡುವವರು ಇದನ್ನೂ ಒಪ್ಪಿಕೊಂಡು ಮಾತಾಡಬೇಕು. ಉಳಿಸಬೇಕಾದ್ದು ಆ ಬೀದಿಗಳ ಗಾಳಿ, ನೆರಳು, ನಡೆದಾಡುವ ಸುಖ. ಯಾರನ್ನೋ ಹೊರಗಿಡುವ ಅನುಕೂಲವನ್ನಲ್ಲ.

ನಾಲ್ಕು ಅಳತೆಗಳು

ಇನ್ನು ನಿಯಮಗಳಿಗೆ ಬರೋಣ. ಬೆಂಗಳೂರಿನ ಪರಿಷ್ಕೃತ ಮಾಸ್ಟರ್ ಪ್ಲ್ಯಾನ್ 2015ಕ್ಕೆ ಸರ್ಕಾರದ ಒಪ್ಪಿಗೆ ಸಿಕ್ಕಿದ್ದು 2007ರಲ್ಲಿ. ಅದರ ವಲಯ ನಿಯಮಗಳನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಮುಂದೆ ತಿದ್ದುಪಡಿಗಳು ಬಂದಿವೆ, ಆದರೆ ಲೆಕ್ಕದ ತರ್ಕ ಅದೇ ಇದೆ.

ಮೊದಲನೆಯದು ಸೆಟ್‌ಬ್ಯಾಕ್, ಅಂದರೆ ಸೈಟಿನ ನಾಲ್ಕೂ ಅಂಚಿನಿಂದ ಕಟ್ಟಡದ ಗೋಡೆಯವರೆಗೆ ಬಿಡಬೇಕಾದ ಜಾಗ. ಎರಡನೆಯದು ಕವರೇಜ್, ಅಂದರೆ ಸೈಟಿನ ಎಷ್ಟು ಭಾಗವನ್ನು ಕಟ್ಟಡ ಆವರಿಸಬಹುದು ಎಂಬ ಮಿತಿ. ಮೂರನೆಯದು ಎಫ್‌ಎಆರ್: ಎಲ್ಲ ಮಹಡಿಗಳ ವಿಸ್ತೀರ್ಣ ಕೂಡಿಸಿ ಸೈಟಿನ ವಿಸ್ತೀರ್ಣದಿಂದ ಭಾಗಿಸಿದರೆ ಬರುವ ಸಂಖ್ಯೆ. ನಾಲ್ಕನೆಯದು ಎತ್ತರ.

ನಮಗೆಲ್ಲ ಗೊತ್ತಿರುವ ನಲವತ್ತು ಅರವತ್ತರ ಸೈಟು ತೆಗೆದುಕೊಳ್ಳಿ. ಅದು 2400 ಚದರಡಿ, ಅಂದರೆ ಸುಮಾರು 223 ಚದರ ಮೀಟರ್. 360 ಚದರ ಮೀಟರಿಗಿಂತ ಚಿಕ್ಕ ವಸತಿ ನಿವೇಶನಕ್ಕೆ ಆ ನಿಯಮ ಕೊಟ್ಟ ಎಫ್‌ಎಆರ್ 1.75, ಕವರೇಜ್ ಶೇ. 75. ಹಾಗಾದರೆ ಒಟ್ಟು 4200 ಚದರಡಿ ಕಟ್ಟಬಹುದು, ನೆಲದ ಮೇಲೆ ಹೆಚ್ಚೆಂದರೆ 1800 ಚದರಡಿ ಆವರಿಸಬಹುದು. ಅದೇ ಸೈಟಿನಲ್ಲಿ 1200 ಚದರಡಿಯ ಒಂದಂತಸ್ತಿನ ಹಳೆಯ ಮನೆ ಇದೆ ಎಂದುಕೊಳ್ಳಿ. ಅದರ ಎಫ್‌ಎಆರ್ ಬರೀ 0.5. ಕಾನೂನು ಅನುಮತಿಸುವುದಕ್ಕೂ ಈಗ ಇರುವುದಕ್ಕೂ ನಡುವೆ 3000 ಚದರಡಿಯ ಅಂತರ ಇದೆ. ಆ ಬಡಾವಣೆಯಲ್ಲಿ ಚದರಡಿಗೆ ಎಷ್ಟು ರೇಟು ಇದೆಯೋ ಅದರಿಂದ ಈ 3000ವನ್ನು ಗುಣಿಸಿ ನೋಡಿ. ಹಳೆಯ ಮನೆಯನ್ನು ಬೀಳಿಸುವ ಬಲ ಎಲ್ಲಿಂದ ಬರುತ್ತದೆ ಎಂಬುದಕ್ಕೆ ಉತ್ತರ ಆ ಗುಣಾಕಾರದಲ್ಲೇ ಇದೆ. ಮನೆಯವರಿಗೆ ಅಭಿಮಾನ ಕಡಿಮೆಯಾಗಿ ಮನೆ ಮಾರಿದರು ಎಂದು ದೂರುವುದು ಅನ್ಯಾಯ. ಕಟ್ಟದೆ ಉಳಿದ ಜಾಗಕ್ಕೆ ನಿಯಮವೇ ಬೆಲೆ ಕಟ್ಟಿ ಇಟ್ಟಿದೆ.

ಲೆಕ್ಕ ತಪ್ಪುವುದು ಎಲ್ಲಿ

ಈ ನಾಲ್ಕು ಅಳತೆಗಳಲ್ಲಿ ಒಂದೂ ಪಕ್ಕದ ಮನೆಯನ್ನು ಕೇಳುವುದಿಲ್ಲ. ಸೈಟು ಎಷ್ಟು ದೊಡ್ಡದು, ರಸ್ತೆ ಎಷ್ಟು ಅಗಲ ಎಂದು ಮಾತ್ರ ಕೇಳುತ್ತವೆ. ಆ ಬೀದಿಯಲ್ಲಿ ಮನೆಗಳು ಎಷ್ಟು ಹಿಂದೆ ನಿಂತಿವೆ, ಎಷ್ಟು ಎತ್ತರ ಇವೆ, ಮಾಡು ಹೇಗಿದೆ ಎಂಬುದಕ್ಕೆ ಅಲ್ಲಿ ಕಾಲಂ ಇಲ್ಲ. ಊರ ಹೊರಗೆ ಮೊನ್ನೆ ಮೊನ್ನೆ ಹುಟ್ಟಿದ ಬಡಾವಣೆಗೂ ನೂರಿಪ್ಪತ್ತು ವರ್ಷದ ಬಸವನಗುಡಿಗೂ ಅದೇ ಕೋಷ್ಟಕ.

ಮೊದಲ ತೊಡಕು ಸೆಟ್‌ಬ್ಯಾಕಿನದು. ಹಳೆಯ ಮನೆಗಳು ಒಂದೇ ಸಾಲಿಗೆ ರಸ್ತೆಯಿಂದ ಸಾಕಷ್ಟು ಹಿಂದೆ ನಿಂತಿರುತ್ತವೆ. ಹೊಸ ಕಟ್ಟಡ ನಿಯಮ ಹೇಳಿದ ಕನಿಷ್ಠ ಜಾಗ ಬಿಟ್ಟು ಮುಂದಕ್ಕೆ ಬರುತ್ತದೆ. ಊಟದ ಪಂಕ್ತಿಯಲ್ಲಿ ಒಬ್ಬರು ಎಲೆಯನ್ನು ಮೊಳದುದ್ದ ಮುಂದೆ ಹಾಕಿಕೊಂಡು ಕೂತರೆ ಅವರ ಊಟಕ್ಕೇನೂ ಕೊರತೆಯಾಗುವುದಿಲ್ಲ, ಆದರೆ ಬಡಿಸುವವರ ದಾರಿ ಕಟ್ಟುತ್ತದೆ, ಪಂಕ್ತಿ ಮುರಿಯುತ್ತದೆ. ಬೀದಿಯಲ್ಲಿ ಆಗುವುದೂ ಹಾಗೆಯೇ. ಮುಂದೆ ಬಂದ ಒಂದು ಗೋಡೆ ಎರಡೂ ಬದಿಯ ಮನೆಗಳ ಜಗುಲಿಯ ನೋಟವನ್ನು, ಬೆಳಗಿನ ಬಿಸಿಲನ್ನು ತಡೆಯುತ್ತದೆ. ಮುಂದಿನ ವರ್ಷ ಪಕ್ಕದವರೂ ಕಟ್ಟಿದಾಗ ಅದೇ ಸಾಲಿಗೆ ಬರುತ್ತಾರೆ.

ಎರಡನೆಯ ತೊಡಕು ಸೈಟು ಜೋಡಣೆ. 2007ರ ನಿಯಮದ ಪ್ರಕಾರ ಕಟ್ಟಡ 11.5 ಮೀಟರ್ ದಾಟಿದರೆ ಸುತ್ತಲೂ 5 ಮೀಟರ್ ಬಿಡಬೇಕು. ನಲವತ್ತಡಿ ಅಗಲದ ಸೈಟಿನಲ್ಲಿ ಎರಡು ಬದಿಗೆ ಐದೈದು ಮೀಟರ್ ಬಿಟ್ಟರೆ ನಡುವೆ ಉಳಿಯುವುದು ಸುಮಾರು ಏಳಡಿ. ಅಷ್ಟರಲ್ಲಿ ಏನೂ ಕಟ್ಟಲಾಗದು. ಹಾಗಾಗಿ ಒಂಟಿ ಸೈಟಿನಲ್ಲಿ ಎತ್ತರಕ್ಕೆ ತಾನಾಗಿ ಕಡಿವಾಣ ಬೀಳುತ್ತದೆ. ಅದೇ ಪಕ್ಕದ ಎರಡು ಸೈಟು ಒಂದಾಗಿ ಅಗಲ ಎಂಬತ್ತಡಿಯಾದರೆ ನಡುವೆ ನಲವತ್ತೇಳು ಅಡಿ ಸಿಗುತ್ತದೆ, ಎತ್ತರದ ಬಾಗಿಲು ತೆರೆಯುತ್ತದೆ. ಒಟ್ಟು ವಿಸ್ತೀರ್ಣ 446 ಚದರ ಮೀಟರ್ ಆಗಿ 360ರ ಗೆರೆ ದಾಟುತ್ತದೆ, ರಸ್ತೆ ಅಗಲವಿದ್ದರೆ ಎಫ್‌ಎಆರ್ ಕೂಡ ಮುಂದಿನ ಮೆಟ್ಟಿಲೇರುತ್ತದೆ. ಆ ಕೋಷ್ಟಕದ ಮೇಲ್ತುದಿಯಲ್ಲಿ ಎಫ್‌ಎಆರ್ 3.25ರವರೆಗೆ ಹೋಗುತ್ತದೆ. ಬಿಲ್ಡರುಗಳು ಅಣ್ಣತಮ್ಮಂದಿರ ಪಾಲಿನ ಎರಡು ಮೂರು ಮನೆಗಳನ್ನು ಒಟ್ಟಿಗೇ ಕೇಳುವುದು ಯಾಕೆಂದು ಈಗ ತಿಳಿಯಿತಲ್ಲ.

ಮೂರನೆಯದು ರಸ್ತೆಯ ಅಗಲ. ಹೊಸ ಬಡಾವಣೆಯಲ್ಲಿ ‘ಅಗಲ ರಸ್ತೆಗೆ ದೊಡ್ಡ ಕಟ್ಟಡ’ ಎಂಬ ತರ್ಕ ಸರಿ. ವಾಹನ ಹೆಚ್ಚಿದರೆ ರಸ್ತೆ ತಾಳಬೇಕು, ಬೆಂಕಿ ಬಿದ್ದರೆ ಅಗ್ನಿಶಾಮಕದ ಬಂಡಿ ಬರಬೇಕು. ಆದರೆ ಪ್ಲೇಗಿಗೆ ಹೆದರಿ, ಗಾಳಿ ಆಡಲೆಂದು ಅಗಲವಾಗಿ ಹಾಕಿದ ರಸ್ತೆಯೇ ಇಂದು ಆ ಗಾಳಿಯನ್ನು ತಡೆಯುವ ಗಾತ್ರಕ್ಕೆ ಅರ್ಹತೆಯಾಗಿ ಲೆಕ್ಕಕ್ಕೆ ಬರುತ್ತಿದೆ. ಹಿಂದಿನವರು ಉದಾರವಾಗಿ ಬಿಟ್ಟ ಜಾಗದ ಲಾಭ ಇಡೀ ಬೀದಿಗೆ ಸೇರಬೇಕಿತ್ತು. ನಮ್ಮ ನಿಯಮ ಅದನ್ನು ಸೈಟಿನ ಮಾಲೀಕನ ಖಾತೆಗೆ ಜಮಾ ಮಾಡುತ್ತಿದೆ.

ನಾಲ್ಕನೆಯದು ನೆಲಮಟ್ಟದ ವಿಷಯ. ಸ್ಟಿಲ್ಟಿನಲ್ಲಿ, ಅಂದರೆ ಬರೀ ಕಂಬಗಳಿರುವ ನೆಲ ಅಂತಸ್ತಿನಲ್ಲಿ, ಕಾರು ನಿಲ್ಲಿಸುವ ಜಾಗ ಸಾಮಾನ್ಯವಾಗಿ ಎಫ್‌ಎಆರ್ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ವಾಸದ ಮಹಡಿಗಳೆಲ್ಲ ಒಂದಂತಸ್ತು ಮೇಲಕ್ಕೆ ಹೋಗುತ್ತವೆ. ಜಗುಲಿಯಿದ್ದ ಕಡೆ ಕಂಬಗಳು, ಗೇಟಿದ್ದ ಕಡೆ ಸೈಟಿನಗಲದ ಇಳಿಜಾರು, ಅದಕ್ಕೆ ಹೊಂದಿಸಲು ಏರಿಳಿಯುವ ಫುಟ್‌ಪಾತ್ ಬರುತ್ತವೆ. ದಾರಿಹೋಕರ ಕಣ್ಣಿಗೆ ಮನುಷ್ಯರೇ ಬೀಳುವುದಿಲ್ಲ. ಇನ್ನು ಕವರೇಜ್ ಎಂಬುದು ಕಟ್ಟಡವನ್ನು ಮಾತ್ರ ಅಳೆಯುತ್ತದೆ. ಬಿಟ್ಟ ಜಾಗಕ್ಕೆ ಸಿಮೆಂಟು ಸುರಿದರೆ ಅದು ಲೆಕ್ಕಕ್ಕಿಲ್ಲ. ಕಾಗದದಲ್ಲಿ ಕಾಲು ಭಾಗ ಖಾಲಿ, ನೆಲದಲ್ಲಿ ಒಂದು ಹನಿ ನೀರು ಇಂಗಲು ದಾರಿಯಿಲ್ಲ.

ನಿಯಮ ಮುರಿದು ಕಟ್ಟುವ ಸಮಸ್ಯೆ ಇದಲ್ಲದೆ ಬೇರೆಯೇ ಇದೆ. ವಸತಿ ಕಟ್ಟಡದಲ್ಲಿ ಶೇ. 50ರವರೆಗಿನ ಸೆಟ್‌ಬ್ಯಾಕ್ ಉಲ್ಲಂಘನೆಯನ್ನು ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುವ ಯೋಜನೆಗೆ 2017ರಲ್ಲಿ ಸುಪ್ರೀಂ ಕೋರ್ಟ್ ತಡೆ ನೀಡಿತು. ಆ ರೋಗಕ್ಕೆ ಮದ್ದು ಬಿಗಿ ಜಾರಿ. ನಾನು ಹೇಳುತ್ತಿರುವ ರೋಗಕ್ಕೆ ಬಿಗಿ ಜಾರಿ ಮದ್ದಲ್ಲ, ಯಾಕೆಂದರೆ ಇಲ್ಲಿ ತಪ್ಪಿರುವುದು ನಿಯಮದ ನೋಟ.

ಪಟ್ಟಿ ಮಾಡಿದರೆ ಸಾಕೇ?

ಪಾರಂಪರಿಕ ಕಟ್ಟಡಗಳ ಪಟ್ಟಿ ಮಾಡಿ ರಕ್ಷಿಸಿದರೆ ಆಗದೇ ಎಂದು ಕೇಳಬಹುದು. ಪಟ್ಟಿ ಬೇಕು. ಆದರೆ ಪಟ್ಟಿ ಉಳಿಸುವುದು ಹೆಸರಾಂತ ಕಟ್ಟಡಗಳನ್ನು. ಮಲ್ಲೇಶ್ವರದ ಸೊಗಸು ಯಾವುದೋ ಒಂದು ಮನೆಯಲ್ಲಿ ಇಲ್ಲ. ಹೆಸರಿಲ್ಲದ ಇಪ್ಪತ್ತು ಮನೆಗಳು ಒಂದು ಸಾಲಿನಲ್ಲಿ ನಿಂತ ರೀತಿಯಲ್ಲಿದೆ. ಹತ್ತೊಂಬತ್ತು ಹೋಗಿ ಒಂದು ಉಳಿದರೆ ಉಳಿದದ್ದು ಮ್ಯೂಸಿಯಂ ವಸ್ತುವಾಗುತ್ತದೆ.

ಇದನ್ನು ಮೊದಲೇ ಕಂಡುಕೊಂಡವರಿದ್ದಾರೆ. ಬ್ರಿಟನ್ 1967ರ ಕಾಯ್ದೆಯಲ್ಲಿ ಬಿಡಿ ಕಟ್ಟಡದಾಚೆಗೆ ಇಡೀ ಪ್ರದೇಶವನ್ನು ಸಂರಕ್ಷಣೆಗೆ ಒಳಪಡಿಸುವ ಕ್ರಮ ತಂದಿತು. ಮುಂಬೈ 1995ರಲ್ಲಿ ಪಾರಂಪರಿಕ ನಿಯಮಗಳನ್ನು ಜಾರಿಗೆ ತಂದಾಗ ಕಟ್ಟಡಗಳ ಜೊತೆಗೆ ಪ್ರದೇಶಗಳನ್ನೂ ಪಟ್ಟಿಗೆ ಸೇರಿಸಿತು. ಬೆಂಗಳೂರಿಗಾಗಿ 2017ರಲ್ಲಿ ಹೊರಬಂದ 2031ರ ಕರಡು ಮಾಸ್ಟರ್ ಪ್ಲ್ಯಾನ್ ಕೂಡ ಪಾರಂಪರಿಕ ವಲಯಗಳನ್ನು ಗುರುತಿಸಿತ್ತು. ಆ ಕರಡು ಜಾರಿಯಾಗಲೇ ಇಲ್ಲ.

ಅಳತೆಗಳಿಗೆ ಬೀದಿಯನ್ನು ತೋರಿಸುವುದು ಹೇಗೆಂದು ಅಮೆರಿಕದ ಆಸ್ಟಿನ್ ನಗರದ ಉದಾಹರಣೆ ಹೇಳುತ್ತದೆ. ಹಳೆಯ ಸಣ್ಣ ಮನೆಗಳನ್ನು ಕೆಡವಿ ಸೈಟು ತುಂಬ ಬಂಗಲೆ ಕಟ್ಟುವುದು ಹೆಚ್ಚಿದಾಗ ಆ ಊರು 2006ರಲ್ಲಿ ಹೊಸ ನಿಯಮ ಮಾಡಿತು. ಸೈಟಿನ ಶೇ. 40 ಅಥವಾ 2300 ಚದರಡಿ, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟೇ ಮನೆಯ ಗಾತ್ರ. ಅದಕ್ಕಿಂತ ಮುಖ್ಯವಾದದ್ದು ಆಕಾರದ ಕಟ್ಟಳೆ. ಪಕ್ಕದ ಗಡಿಯಲ್ಲಿ 15 ಅಡಿ ಎತ್ತರದಿಂದ 45 ಡಿಗ್ರಿ ಓರೆಯಾಗಿ ಒಳಕ್ಕೆ ಒಂದು ಕಾಲ್ಪನಿಕ ಗುಡಾರ ಎಳೆದು, ಕಟ್ಟಡ ಅದರೊಳಗೆ ಇರಬೇಕು ಎಂದರು. ಎತ್ತರಕ್ಕೆ ಹೋಗುವವರು ಪಕ್ಕದವರಿಂದ ದೂರ ಸರಿಯುತ್ತ ಹೋಗಬೇಕು. ಮುಂದೆ ಬಿಡಬೇಕಾದ ಜಾಗವನ್ನು ಅದೇ ಬೀದಿಯ ಮನೆಗಳ ಸರಾಸರಿಯಿಂದ ತೀರ್ಮಾನಿಸುವ ಪದ್ಧತಿಯೂ ಅಮೆರಿಕದ ಹಲವು ನಗರಗಳಲ್ಲಿದೆ. ಆಸ್ಟಿನ್ನಿನ ಶೇ. 40 ನಮಗೆ ಹೊಂದುವ ಸಂಖ್ಯೆಯಲ್ಲ, ನಮ್ಮ ಜನಸಂಖ್ಯೆಯೇ ಬೇರೆ. ಹೊಂದುವುದು ಅದರ ಹಿಂದಿನ ಆಲೋಚನೆ.

ನಮ್ಮ ದೇಶದಲ್ಲೇ 2023ರ ಜನವರಿಯಲ್ಲಿ ಮಹತ್ವದ ತೀರ್ಪೊಂದು ಬಂತು. ಚಂಡೀಗಢದ ಮೊದಲ ಹಂತದಲ್ಲಿ, ಅಂದರೆ 1ರಿಂದ 30ರವರೆಗಿನ ಸೆಕ್ಟರುಗಳಲ್ಲಿ, ಒಂಟಿ ಮನೆಗಳನ್ನು ಮಹಡಿವಾರು ಅಪಾರ್ಟ್‌ಮೆಂಟುಗಳಂತೆ ಮಾಡಿ ಮಾರುವುದನ್ನು ಸುಪ್ರೀಂ ಕೋರ್ಟ್ ತಡೆಯಿತು. ಎಫ್‌ಎಆರ್ ಇನ್ನು ಹೆಚ್ಚಿಸಬಾರದು, ಮಹಡಿ ಮೂರಕ್ಕಿಂತ ಹೆಚ್ಚಬಾರದು, ಎತ್ತರ ಏಕರೂಪವಾಗಿರಬೇಕು ಎಂದು ನಿರ್ದೇಶಿಸಿತು. ನ್ಯಾಯಮೂರ್ತಿಗಳಾದ ಬಿ.ಆರ್. ಗವಾಯಿ ಮತ್ತು ಬಿ.ವಿ. ನಾಗರತ್ನ ಅವರ ಪೀಠ ಆ ತೀರ್ಪಿನಲ್ಲಿ ಯೋಜನೆಯಿಲ್ಲದ ಬೆಳವಣಿಗೆಯಿಂದ ಏನಾಗುತ್ತದೆ ಎಂಬುದಕ್ಕೆ ಎಚ್ಚರಿಕೆಯಾಗಿ ಹೆಸರಿಸಿದ್ದು ನಮ್ಮ ಬೆಂಗಳೂರನ್ನು. ಬೇರೆ ಊರಿನ ಮೊಕದ್ದಮೆಯಲ್ಲಿ ನಮ್ಮೂರು ‘ಹೀಗಾಗಬಾರದು’ ಎಂಬುದಕ್ಕೆ ಉದಾಹರಣೆಯಾಯಿತು. ಇದು ನಮ್ಮನ್ನು ನೋಯಿಸಬೇಕು, ಎಬ್ಬಿಸಲೂಬೇಕು.

ಮಾಲೀಕರ ಮಾತು, ಊರಿನ ಮಾತು

ಬೀದಿಯ ರೂಪ ನೋಡಿ ನಿಯಮ ಮಾಡಬೇಕು ಎಂಬ ಮಾತಿಗೆ ಎರಡು ಆಕ್ಷೇಪಗಳಿವೆ. ಎರಡೂ ಗಟ್ಟಿಯಾದವು.

ಹಳೆಯ ಮನೆಯನ್ನು ಸಾಕುವುದು ಸುಲಭವಲ್ಲ ಎಂಬುದು ಒಂದು. ಮಾಡು ಸೋರುತ್ತದೆ, ಗೆದ್ದಲು ಹಿಡಿಯುತ್ತದೆ, ಕೈಕೆಲಸ ಬಲ್ಲ ಬಡಗಿ ಸಿಗುವುದಿಲ್ಲ, ತೆರಿಗೆ ಬಿಡುವುದಿಲ್ಲ. ತಂದೆಯ ಮನೆಗೆ ನಾಲ್ವರು ವಾರಸುದಾರರು. ಒಬ್ಬರು ಹೊರದೇಶದಲ್ಲಿ, ಒಬ್ಬರಿಗೆ ತುರ್ತಾಗಿ ದುಡ್ಡು ಬೇಕು. ಜಾಯಿಂಟ್ ಡೆವಲಪ್‌ಮೆಂಟಿಗೆ ಕೊಟ್ಟರೆ ತಲಾ ಒಂದು ಫ್ಲ್ಯಾಟು. ಇಂಥವರಿಗೆ ‘ಪರಂಪರೆ ಉಳಿಸಿ’ ಎಂದು ಉಪದೇಶ ಮಾಡಿ ಭಾರವನ್ನೆಲ್ಲ ಅವರ ತಲೆಗೇ ಕಟ್ಟುವುದು ನ್ಯಾಯವಲ್ಲ. ಬೀದಿಯ ಸೊಗಸಿನ ಫಲ ಊರಿಗೆಲ್ಲ ಸಿಗುವುದಾದರೆ ಅದರ ಖರ್ಚನ್ನೂ ಊರು ಹಂಚಿಕೊಳ್ಳಬೇಕು.

ಇನ್ನೊಂದು, ಊರಿಗೆ ಮನೆಗಳು ಬೇಕು ಎಂಬುದು. ಕೆಲಸಕ್ಕೆ ಬರುವವರನ್ನೆಲ್ಲ ಊರಾಚೆಗೆ ತಳ್ಳಿ ಮೆಟ್ರೊ, ಆಸ್ಪತ್ರೆ, ಶಾಲೆ ಇರುವ ಒಳ್ಳೆಯ ಜಾಗವನ್ನು ಕೆಲವೇ ಕುಟುಂಬಗಳಿಗೆ ಮೀಸಲಿಡುವುದು ಸರಿಯೇ? ಸರಿಯಲ್ಲ. ಆದರೆ ಹೆಚ್ಚು ಜನಕ್ಕೆ ಮನೆ ಒದಗಿಸುವುದೂ ದಪ್ಪ ಕಟ್ಟಡ ಕಟ್ಟುವುದೂ ಒಂದೇ ಅಲ್ಲ. ಮೊದಲು ಹೇಳಿದ 4200 ಚದರಡಿಯನ್ನೇ ತೆಗೆದುಕೊಳ್ಳಿ. ಅದನ್ನು ಮುಂದಿನ ಗಡಿಗೆ ತಳ್ಳಿದ ಒಂದೇ ಪೆಟ್ಟಿಗೆಯಾಗಿ ಕಟ್ಟಬಹುದು. ಅಥವಾ ಹಳೆಯ ಸಾಲಿಗೆ ಸರಿಯಾಗಿ ಹಿಂದೆ ನಿಂತು, ಮೇಲಿನ ಮಹಡಿಯನ್ನು ಇನ್ನಷ್ಟು ಒಳಗೆ ಸರಿಸಿ, ಹಿತ್ತಿಲ ಕಡೆ ಹೆಚ್ಚು ಕಟ್ಟಬಹುದು. ಅಷ್ಟೂ ಚದರಡಿ ಕೂಡದೆ ಸ್ವಲ್ಪ ಕಡಿಮೆಯಾದೀತು, ಮೂರು ನಾಲ್ಕು ಕುಟುಂಬ ಆಗಲೂ ಇರಬಹುದು. ಒಂದೇ ಕುಟುಂಬಕ್ಕೆಂದು ಕಟ್ಟುವ ಐಷಾರಾಮಿ ಬಂಗಲೆಯೂ ಅಪಾರ್ಟ್‌ಮೆಂಟಿನಷ್ಟೇ ಬೀದಿ ಕೆಡಿಸಬಲ್ಲದು, ಜನಕ್ಕೆ ಮನೆಯನ್ನೂ ಕೊಡದು ಎಂಬುದು ನೆನಪಿರಲಿ.

ಏನು ಬದಲಾಗಬೇಕು

ಹಳೆಯ ಬಡಾವಣೆಗಳಿಗೆ ಮೂಲ ವಲಯ ನಿಯಮದ ಮೇಲೆ ಹೊದಿಸುವ ಪ್ರತ್ಯೇಕ ಕಟ್ಟಳೆ ಬೇಕು. ಅದರಲ್ಲಿ ಮುಂದಿನ ಸೆಟ್‌ಬ್ಯಾಕ್ ಆ ಬೀದಿಯ ಹಳೆಯ ಮನೆಗಳ ಸಾಲನ್ನು ಅನುಸರಿಸಬೇಕು. ಮೂರನೆಯ ಮಹಡಿಯಿಂದ ಮೇಲೆ ಕಟ್ಟಡ ರಸ್ತೆಯಿಂದಲೂ ಪಕ್ಕದವರಿಂದಲೂ ಒಳಕ್ಕೆ ಸರಿಯಬೇಕು. ಸೈಟುಗಳನ್ನು ಕೂಡಿಸಿದರೆ ಎಫ್‌ಎಆರ್ ಮತ್ತು ಎತ್ತರ ಒಂಟಿ ಸೈಟಿನ ಮಟ್ಟದಲ್ಲೇ ನಿಲ್ಲಬೇಕು. ಇದೊಂದೇ ನಿಯಮ ಬಂದರೂ ಸಾಲು ಮನೆಗಳ ಮೇಲಿನ ಒತ್ತಡ ಅರ್ಧ ಇಳಿದೀತು. ಸಿಮೆಂಟು ಮುಚ್ಚದ ಮಣ್ಣಿನ ನೆಲಕ್ಕೆ ಕನಿಷ್ಠ ಪಾಲು ನಿಗದಿಯಾಗಬೇಕು. ಸ್ಟಿಲ್ಟಿನ ಬಾಯಿ ಸೈಟಿನಗಲ ತೆರೆಯದೆ ಒಂದು ಗೇಟಿಗೆ ಸೀಮಿತವಾಗಬೇಕು.

ಬದಲಿಗೆ ಮಾಲೀಕರಿಗೆ ಕೊಡಬೇಕಾದ್ದೂ ಇದೆ. ರಸ್ತೆ ಅಗಲೀಕರಣಕ್ಕೆ ಜಾಗ ಬಿಟ್ಟವರಿಗೆ ನಮ್ಮಲ್ಲಿ ಟಿಡಿಆರ್ ಕೊಡುವ ಪದ್ಧತಿ ಇದೆ. ಕಟ್ಟುವ ಹಕ್ಕನ್ನು ತನ್ನ ಸೈಟಿನಲ್ಲಿ ಬಳಸದೆ, ಬೇರೆಡೆ ಕಟ್ಟುವವರಿಗೆ ಮಾರುವ ಪತ್ರ ಅದು. ಮುಂಬೈ ಪಾರಂಪರಿಕ ಕಟ್ಟಡದ ಮಾಲೀಕರಿಗೂ ಇದನ್ನು ವಿಸ್ತರಿಸಿತು. ಹೆಂಚಿನ ಮನೆಯನ್ನು ಉಳಿಸಿಕೊಂಡವರಿಗೆ ಬಳಸದ 3000 ಚದರಡಿಯ ಬೆಲೆ ಸಿಗುವಂತಾದರೆ, ಜೊತೆಗೆ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ, ಮುಂಭಾಗ ಉಳಿಸಿ ಹಿಂದೆ ಕಟ್ಟುವವರಿಗೆ ಬೇಗ ನಕ್ಷೆ ಮಂಜೂರಾತಿ ಸಿಕ್ಕರೆ, ಉಳಿಸುವುದು ತ್ಯಾಗ ಎನಿಸುವುದಿಲ್ಲ, ಲೆಕ್ಕಕ್ಕೂ ಕೂಡುತ್ತದೆ.

ಇದು ಬೆಂಗಳೂರೊಂದರ ಮಾತಲ್ಲ. ಮೈಸೂರಿನ ಲಕ್ಷ್ಮೀಪುರಂ, ಚಾಮರಾಜಪುರಂ, ಧಾರವಾಡದ ಮಾಳಮಡ್ಡಿಗಳಲ್ಲೂ ಇದೇ ಗುಣಾಕಾರ ನಡೆದಿದೆ. ಅಲ್ಲಿ ಉಳಿದಿರುವುದು ಹೆಚ್ಚು, ಹಾಗಾಗಿ ಸಮಯವೂ ಸ್ವಲ್ಪ ಹೆಚ್ಚಿದೆ.

ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರ ಪ್ರಕಾರ ಕರಡು ಮಾಸ್ಟರ್ ಪ್ಲ್ಯಾನ್ ಹೊರಬಿದ್ದಾಗ ಸಾರ್ವಜನಿಕರು ಆಕ್ಷೇಪ, ಸಲಹೆ ಕೊಡಬಹುದು. ಕಟ್ಟಡ ಎದ್ದ ಮೇಲೆ ಗೇಟಿನ ಮುಂದೆ ನಿಂತು ಗೊಣಗುವುದಕ್ಕಿಂತ ಆ ದಿನಗಳಲ್ಲಿ ಒಂದು ಅರ್ಜಿ ಬರೆಯುವುದು ಹೆಚ್ಚು ಫಲ ಕೊಡುತ್ತದೆ. ನಿಮ್ಮ ಬೀದಿಯಲ್ಲಿ ಮನೆಗಳು ರಸ್ತೆಯಿಂದ ಎಷ್ಟು ಅಡಿ ಹಿಂದಿವೆ, ಎಷ್ಟು ಎತ್ತರ ಇವೆ, ಎಷ್ಟು ನೆಲ ಮಣ್ಣಾಗಿ ಉಳಿದಿದೆ ಎಂದು ನೆರೆಯವರೊಂದಿಗೆ ಸೇರಿ ಅಳೆದು ಬರೆದಿಡಿ. ‘ನಮ್ಮ ಬಡಾವಣೆಯ ಸೊಗಸು ಹಾಳಾಗುತ್ತಿದೆ’ ಎಂದರೆ ಅಧಿಕಾರಿ ತಲೆಯಾಡಿಸಿ ಕಡತ ಮುಚ್ಚಬಹುದು. ‘ನಮ್ಮ ಬೀದಿಯ ಇಪ್ಪತ್ತು ಮನೆಗಳ ಮುಂದಿನ ಸೆಟ್‌ಬ್ಯಾಕಿನ ಸರಾಸರಿ ಇಷ್ಟು, ಅದನ್ನೇ ನಿಯಮ ಮಾಡಿ’ ಎಂದು ಅಳತೆ ಮುಂದಿಟ್ಟರೆ ಆತ ಉತ್ತರ ಕೊಡಲೇಬೇಕಾಗುತ್ತದೆ.